ಪೂಲ್ ಟೇಬಲ್‌ನ ಎತ್ತರ ಹೊಂದಿಸುವ ಸ್ಕ್ರೂ ಪಾದಗಳು: ನಾಲ್ಕು ತಿಂಗಳು ಬಳಸಿ ನೋಡಿದ ಮೇಲೆ

ಶೂ ಬಿಚ್ಚಿಟ್ಟು ಆಡಿದ ದಿನ ನನ್ನ ಬೆನ್ನು ನೋಯಲಿಲ್ಲ. ಇಷ್ಟು ಸಣ್ಣ ವಿಷಯದಿಂದ ಈ ಕೆಲಸ ಶುರುವಾಯಿತು.

ನಾನು ಆರಡಿ ಎರಡು ಇಂಚು ಎತ್ತರ. ಮನೆಯಲ್ಲಿರುವುದು ಎಂಟಡಿಯ ಪೂಲ್ ಟೇಬಲ್. ಬಟ್ಟೆಯ ಕೆಳಗೆ ಮೂರು ತುಂಡಿನ ಸ್ಲೇಟ್ ಕಲ್ಲು, ನಾಲ್ಕು ಮರದ ಕಾಲು. ಒಬ್ಬರು ಆಡಿ ಬಿಟ್ಟಿದ್ದನ್ನು ಕೊಂಡಿದ್ದು. ದಿನಾ ಸಂಜೆ ಒಂದು ಗಂಟೆ ಆಡುತ್ತೇನೆ. ಮುಕ್ಕಾಲು ಗಂಟೆ ಕಳೆಯುತ್ತಿದ್ದಂತೆ ಸೊಂಟದ ಎಡಗಡೆ ಹಿಡಿದುಕೊಳ್ಳುತ್ತಿತ್ತು. ನಿಂತ ರೀತಿ ಸರಿಯಿಲ್ಲವೇನೋ ಅಂದುಕೊಂಡೆ. ಕಾಲು ಇನ್ನಷ್ಟು ಅಗಲಿಸಿ ನಿಂತೆ, ಮುಂದಿನ ಮಂಡಿ ಬಗ್ಗಿಸಿದೆ. ಎತ್ತರದವರಿಗೆ ಎಲ್ಲರೂ ಹೇಳಿಕೊಡುವುದು ಇದನ್ನೇ. ಸ್ವಲ್ಪ ದಿನ ಪರವಾಗಿಲ್ಲ ಅನಿಸಿತು. ಆಮೇಲೆ ತೊಡೆ ನೋಯಲು ಶುರುವಾಯಿತು.

ನನ್ನ ಶೂಗಳ ಅಟ್ಟೆ ದಪ್ಪ. ಅಳೆದರೆ ಮೂರು ಸೆಂಟಿಮೀಟರ್ ಬರುತ್ತದೆ. ಒಂದು ದಿನ ಶೂ ಒದ್ದೆಯಾಗಿದ್ದರಿಂದ ಬರಿಗಾಲಲ್ಲಿ ಆಡಿದೆ. ಒಂದೂಕಾಲು ಗಂಟೆ ಆಡಿದರೂ ಬೆನ್ನು ತಂಟೆ ಮಾಡಲಿಲ್ಲ. ಯೋಚಿಸಿದರೆ ಲೆಕ್ಕ ಸುಲಭ. ನಾನು ಮೂರು ಸೆಂಟಿಮೀಟರ್ ಕುಳ್ಳಗಾದೆ ಅಂದರೆ ಟೇಬಲ್ ನನಗೆ ಮೂರು ಸೆಂಟಿಮೀಟರ್ ಎತ್ತರವಾದಂತೆ. ಟೇಬಲ್ ಎತ್ತರ ಮಾಡಿಸಬೇಕಾ ಬೇಡವಾ ಅನ್ನುವ ಅನುಮಾನ ಇರುವವರು ಮೊದಲು ಇದನ್ನು ಮಾಡಿ ನೋಡಿ. ಒಂದು ವಾರ ದಪ್ಪ ಅಟ್ಟೆಯ ಶೂನಲ್ಲಿ ಆಡಿ, ಒಂದು ವಾರ ಬರಿಗಾಲಲ್ಲಿ ಆಡಿ. ಉತ್ತರ ನಿಮ್ಮ ಬೆನ್ನೇ ಹೇಳುತ್ತದೆ.

ಆಮೇಲೆ ಟೇಪ್ ಹಿಡಿದು ಅಳೆದೆ. ಮೊದಲ ಸಲ ತಪ್ಪಾಗಿ ಅಳೆದಿದ್ದೆ. ಈ ತಪ್ಪನ್ನು ತುಂಬಾ ಜನ ಮಾಡುತ್ತಾರೆ. ನೆಲದಿಂದ ಮರದ ಅಂಚಿನ ಮೇಲ್ಭಾಗದವರೆಗೆ ಅಳೆದು, ಮೂವತ್ತು ಇಂಚಿನ ಮೇಲಿದೆ, ಎಲ್ಲ ಸರಿಯಾಗೇ ಇದೆ ಅಂದುಕೊಂಡಿದ್ದೆ. ಪೂಲ್‌ನಲ್ಲಿ ಅಳೆಯಬೇಕಾದ್ದು ಅಂಚಿನವರೆಗೆ ಅಲ್ಲ, ಚೆಂಡು ಓಡುವ ಬಟ್ಟೆಯವರೆಗೆ. ವಿಶ್ವ ಪೂಲ್ ಸಂಸ್ಥೆಯ ನಿಯಮದಲ್ಲಿ ಕಾಲಿನ ಬುಡದಿಂದ ಆಟದ ಮೇಲ್ಮೈವರೆಗೆ 29¼ ಇಂಚಿನಿಂದ 31 ಇಂಚಿನೊಳಗೆ ಇರಬೇಕು ಅಂತಿದೆ. ಅಂದರೆ ಸುಮಾರು 743 ಮಿಲಿಮೀಟರ್‌ನಿಂದ 787 ಮಿಲಿಮೀಟರ್. ಸ್ನೂಕರ್‌ನಲ್ಲಿ ಮಾತ್ರ ನೆಲದಿಂದ ಕುಷನ್ (ಚೆಂಡು ತಾಗಿ ಪುಟಿಯುವ ರಬ್ಬರ್ ಪಟ್ಟಿ) ಅಂಚಿನ ಮೇಲ್ಭಾಗಕ್ಕೆ ಅಳೆಯುತ್ತಾರೆ, ಅಲ್ಲಿ 33½ರಿಂದ 34½ ಇಂಚು. ಎರಡೂ ಅಳತೆಗಳನ್ನು ಕಲಸಿಕೊಂಡರೆ ಲೆಕ್ಕವೆಲ್ಲ ಹಾಳು.

ಸರಿಯಾಗಿ ಅಳೆದಾಗ ನನ್ನ ಟೇಬಲ್ ಬಟ್ಟೆಯವರೆಗೆ 28¾ ಇಂಚು, ಅಂದರೆ 730 ಮಿಲಿಮೀಟರ್ ಬಂತು. ನಿಯಮದ ಕನಿಷ್ಠಕ್ಕಿಂತ ಅರ್ಧ ಇಂಚು ಕಡಿಮೆ. ಕಾಲಿನ ಬುಡದಲ್ಲಿದ್ದ ಹಳೆಯ ಸ್ಕ್ರೂ ಪಾದಗಳನ್ನು ಪೂರ್ತಿ ಒಳಗೆ ತಿರುಗಿಸಿಬಿಟ್ಟಿದ್ದರು. ಎತ್ತರದ ಮನುಷ್ಯ, ತಗ್ಗಿನ ಟೇಬಲ್. ಬೆನ್ನು ನೋಯದೆ ಇನ್ನೇನಾಗುತ್ತದೆ?

ಇದಕ್ಕೆ ಮೊದಲು ಒಬ್ಬ ಮೆಕ್ಯಾನಿಕ್‌ನ ಕರೆಸಿದ್ದೆ. ಟೇಬಲ್ ಕೆಲಸ ಮಾಡಿ ಗೊತ್ತಿದೆ ಅಂದಿದ್ದರು. ಬಂದವರು ಅರ್ಧ ಗಂಟೆಯಲ್ಲಿ ಪ್ಲೈವುಡ್ ತುಂಡು, ಅದರ ಮೇಲೆ ಮಡಿಚಿದ ರಟ್ಟು ಇಟ್ಟು ನಾಲ್ಕೂ ಕಾಲನ್ನು ಎತ್ತರಿಸಿದರು. "ಸರ್, ಇನ್ನು ಅಲ್ಲಾಡಲ್ಲ" ಅಂದರು. ಮೂರು ವಾರ ಅಲ್ಲಾಡಲಿಲ್ಲ ನಿಜ. ಆದರೆ ರಟ್ಟು ಭಾರಕ್ಕೆ ಕುಸಿಯುತ್ತದೆ, ಅದೂ ನಾಲ್ಕು ಕಡೆ ಒಂದೇ ಸಮ ಕುಸಿಯುವುದಿಲ್ಲ. ಮೂರು ವಾರದ ನಂತರ ನಿಧಾನಕ್ಕೆ ಬಿಟ್ಟ ಚೆಂಡು ಎಡಗಡೆಯ ಪಾಕೆಟ್ ಕಡೆಗೆ ತಾನಾಗೇ ವಾಲಲು ಶುರುವಾಯಿತು. ಇನ್ನೊಮ್ಮೆ ಕರೆದರೆ ಅವರು ಬರಲಿಲ್ಲ. ಆ ಸಿಟ್ಟು ಇನ್ನೂ ಇದೆ. ದುಡ್ಡಿಗಲ್ಲ, ಸುಮ್ನೆ ಒಂದು ಒಳ್ಳೆಯ ಟೇಬಲನ್ನು ಅಷ್ಟು ಅಸಡ್ಡೆಯಿಂದ ಮುಟ್ಟಿದ್ದಕ್ಕೆ.

ಹಾಗಾಗಿ ಸ್ಕ್ರೂ ಪಾದಗಳನ್ನು ತರಿಸಿದೆ. ಕಂಪನಿ ಹೆಸರು ಇಲ್ಲಿ ಮುಖ್ಯವಲ್ಲ. ಇದೇ ಥರದ್ದು ಹಲವು ಹೆಸರಲ್ಲಿ ಸಿಗುತ್ತದೆ, ನೋಡಬೇಕಾದ ಅಂಶಗಳು ಎಲ್ಲದರಲ್ಲೂ ಒಂದೇ. ಪೆಟ್ಟಿಗೆಯಲ್ಲಿ ನಾಲ್ಕು ಉಕ್ಕಿನ ಬೋಲ್ಟ್, ಪ್ರತಿಯೊಂದಕ್ಕೂ ಕೆಳಗೆ ಎಂಟು ಸೆಂಟಿಮೀಟರ್ ಅಗಲದ ಗುಂಡನೆಯ ಪಾದ, ಪಾದದ ತಳಕ್ಕೆ ರಬ್ಬರ್. ಬೋಲ್ಟ್ ಮತ್ತು ಪಾದ ಸೇರುವಲ್ಲಿ ಒಂದು ಗೋಲಿ ಕೀಲು ಇದೆ. ನೆಲ ಸ್ವಲ್ಪ ಓರೆಯಿದ್ದರೂ ಪಾದ ಪೂರ್ತಿ ಕೂರುತ್ತದೆ. ಕಾಲಿನೊಳಗೆ ಕೂರಿಸಲು ನಲವತ್ತು ಮಿಲಿಮೀಟರ್ ಉದ್ದದ ಉಕ್ಕಿನ ಬುಷ್ (ಒಳಗೆ ಎಳೆಯಿರುವ ಕೊಳವೆ) ನಾಲ್ಕು, ಬಿಗಿ ಮಾಡಲು ಲಾಕ್ ನಟ್ ನಾಲ್ಕು, ಒಂದು ತೆಳು ತಗಡಿನ ಸ್ಪ್ಯಾನರ್.

ಬೋಲ್ಟ್ ಎಂ12, ಅಂದರೆ 12 ಮಿಲಿಮೀಟರ್ ದಪ್ಪದ್ದು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಸಾಮಾನ್ಯ ಎಂ12 ಬೋಲ್ಟ್‌ನಲ್ಲಿ ಎರಡು ಎಳೆಗಳ ನಡುವಿನ ಅಂತರ 1.75 ಮಿಲಿಮೀಟರ್. ಅಂದರೆ ಪಾದವನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರೆ ಆ ಕಾಲು 1.75 ಮಿಲಿಮೀಟರ್ ಏರುತ್ತದೆ. ಸುತ್ತಿನ ನಾಲ್ಕನೇ ಒಂದು ಭಾಗಕ್ಕೆ, ಅಂದರೆ ಕಾಲು ಸುತ್ತಿಗೆ, 0.44 ಮಿಲಿಮೀಟರ್. ಈ ಒಂದು ಸಂಖ್ಯೆ ತಲೆಯಲ್ಲಿದ್ದರೆ ಉಳಿದ ಕೆಲಸವೆಲ್ಲ ಎಣಿಕೆ. ಟೇಪ್ ಹಿಡಿದು ಹತ್ತು ಸಲ ನೆಲಕ್ಕೆ ಬಗ್ಗುವ ಅಗತ್ಯವೇ ಇಲ್ಲ.

ಭಾರದ ಬಗ್ಗೆ ಹೆದರಿಕೆ ಇತ್ತು, ಅದನ್ನೂ ಲೆಕ್ಕ ಹಾಕಿದೆ. ನನ್ನ ಟೇಬಲ್‌ನ ಸ್ಲೇಟ್ ಒಂದು ಇಂಚು ದಪ್ಪ. ಅಷ್ಟು ದಪ್ಪದ ಸ್ಲೇಟ್ ಒಂದು ಚದರ ಮೀಟರ್‌ಗೆ ಸುಮಾರು 70 ಕೆಜಿ ತೂಗುತ್ತದೆ. ಎಂಟಡಿ ಟೇಬಲ್‌ಗೆ ಸ್ಲೇಟೇ ಸುಮಾರು 200 ಕೆಜಿ ಆಯಿತು. ಚೌಕಟ್ಟು, ಕಾಲು, ಕುಷನ್ ಎಲ್ಲ ಸೇರಿದರೆ ಇನ್ನೂ ನೂರೈವತ್ತು ಇಟ್ಟುಕೊಳ್ಳಿ. ಒಂದು ಕಾಲಿಗೆ ತೊಂಬತ್ತು ಕೆಜಿ ಹತ್ತಿರ. ಎಂ12 ಉಕ್ಕಿನ ಬೋಲ್ಟ್‌ಗೆ ನೇರ ಭಾರವಾಗಿ ಇದು ಏನೂ ಅಲ್ಲ. ತೊಂದರೆ ಬರುವುದು ನೇರ ಭಾರದಿಂದಲ್ಲ, ಪಕ್ಕಕ್ಕೆ ಬೀಳುವ ಒತ್ತಡದಿಂದ. ಅದನ್ನು ಮುಂದೆ ಹೇಳುತ್ತೇನೆ.

ಕೂರಿಸುವ ದಿನ ನನ್ನ ತಮ್ಮ ಬಂದಿದ್ದ. ಅವನು ಲೇತ್ ಕೆಲಸದವನು, ಕಬ್ಬಿಣದ ಜೊತೆ ದಿನಾ ಬದುಕುವವನು. ಜೊತೆಗೆ ಕಾರಿನ ಜಾಕ್ ಒಂದು, ದಪ್ಪನೆಯ ಮರದ ತುಂಡುಗಳು ಏಳೆಂಟು. ಪೆಟ್ಟಿಗೆಯ ಜೊತೆ ಬಂದ ಹಾಳೆಯಲ್ಲಿ ಜಾಕ್ ಬಗ್ಗೆ ಒಂದು ಮಾತೂ ಇಲ್ಲ. ಬರೀ ಚಿತ್ರಗಳು. ಒಂದು ಚಿತ್ರದಲ್ಲಿ ಇಬ್ಬರು ಟೇಬಲ್‌ನ ಮೂಲೆಯನ್ನು ಕೈಯಲ್ಲಿ ಎತ್ತಿ ಹಿಡಿದಿದ್ದಾರೆ. ಈ ಚಿತ್ರ ನೋಡಿ ನನಗೆ ಬಹಳ ಬೇಜಾರಾಯಿತು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಯಾಕೆ ಅಂದರೆ, ಮೂರು ತುಂಡಿನ ಸ್ಲೇಟ್‌ನ ಎರಡು ಸಂದುಗಳಲ್ಲಿ ಜೇನುಮೇಣ ಇಲ್ಲವೇ ಗಟ್ಟಿಯಾಗುವ ಪುಟ್ಟಿ ತುಂಬಿ ಸಮ ಮಾಡಿರುತ್ತಾರೆ. ಬಟ್ಟೆಯ ಕೆಳಗೆ ಅದು ನಮಗೆ ಕಾಣುವುದಿಲ್ಲ. ಒಂದೇ ಮೂಲೆ ಎತ್ತಿದರೆ ಚೌಕಟ್ಟು ತಿರುಚುತ್ತದೆ, ಸಂದು ಬಿರಿಯುತ್ತದೆ. ಆಮೇಲೆ ಬಟ್ಟೆಯ ಮೇಲೆ ಬೆರಳಾಡಿಸಿದರೆ ಕೂದಲೆಳೆಯಷ್ಟು ಏಣು ಸಿಗುತ್ತದೆ. ನಿಧಾನದ ಚೆಂಡು ಅಲ್ಲಿ ಮಿಸುಕುತ್ತದೆ. ಅದನ್ನು ಸರಿ ಮಾಡಲು ಕುಷನ್ ಬಿಚ್ಚಬೇಕು, ಬಟ್ಟೆ ಎಬ್ಬಿಸಬೇಕು. ಅರ್ಧ ಇಂಚು ಎತ್ತರಕ್ಕೆ ಹೋಗಿ ಇಡೀ ಟೇಬಲ್ ಬಿಚ್ಚುವ ಸ್ಥಿತಿ. ಕುಷನ್ ಅಂಚನ್ನು ಹಿಡಿದು ಎತ್ತುವುದೂ ತಪ್ಪು. ಅಂಚು ಬೋಲ್ಟ್‌ನಲ್ಲಿ ಸ್ಲೇಟ್‌ಗೆ ಕೂತಿರುತ್ತದೆ, ಭಾರ ಎತ್ತಲಿಕ್ಕೆ ಅದನ್ನು ಮಾಡಿದ್ದಲ್ಲ.

ನಾವು ಮಾಡಿದ್ದು ಹೀಗೆ. ಟೇಬಲ್‌ನ ಕಿರಿಯ ಬದಿಯಲ್ಲಿ, ಚೌಕಟ್ಟಿನ ಅಡ್ಡ ತೊಲೆಯ ನಡುಮಧ್ಯಕ್ಕೆ ಜಾಕ್. ಜಾಕ್ ತಲೆಗೂ ತೊಲೆಗೂ ನಡುವೆ ಅಗಲದ ಹಲಗೆ. ಎರಡು ಕಾಲು ಒಟ್ಟಿಗೆ, ಒಂದೇ ಸಮ ಏರಬೇಕು. ಕಾಲು ನೆಲ ಬಿಟ್ಟ ತಕ್ಷಣ ಚೌಕಟ್ಟಿನ ಕೆಳಗೆ ಎರಡೂ ಬದಿಗೆ ಮರದ ತುಂಡುಗಳನ್ನು ಪೇರಿಸಿದೆವು. ಜಾಕ್ ಜಾರಿದರೂ ಟೇಬಲ್ ಮರದ ಮೇಲೆ ಕೂರಬೇಕು, ಕೈ ಮೇಲಲ್ಲ. ತಮ್ಮ ಒಂದೇ ಮಾತು ಹತ್ತು ಸಲ ಹೇಳಿದ: "ಅಣ್ಣ, ಮರ ಇಡೋ ತನಕ ಕೈ ಹಾಕ್ಬೇಡ." ಆಮೇಲೆ ಹಳೆಯ ಪಾದ ಬಿಚ್ಚಿ, ತೂತು ಸ್ವಲ್ಪ ಅಗಲ ಮಾಡಿ, ಬುಷ್ ಕೂರಿಸಿದೆವು. ಬೋಲ್ಟ್‌ನ ಎಳೆಗಳಿಗೆ ಗ್ರೀಸ್ ಸವರಿದೆವು. ಗ್ರೀಸ್ ಹಚ್ಚದೆ ಕೂರಿಸಿದರೆ ಮುಂದೆ ಭಾರ ಇರುವಾಗ ಸಣ್ಣದಾಗಿ ತಿರುಗಿಸುವುದು ಕಷ್ಟವಾಗುತ್ತದೆ.

ಬುಷ್ ಬಗ್ಗೆ ಎರಡು ಮಾತು. ಹಳೆಯ ಪಾದಗಳು ಕೂತಿದ್ದು ಮರದೊಳಗಿನ ಒಂದು ಗಿಡ್ಡ ನಟ್‌ನಲ್ಲಿ. ಅದರ ಹಿಡಿತ ಒಂದು ಸೆಂಟಿಮೀಟರ್ ಕೂಡ ಇರಲಿಲ್ಲ. ಅಂಥ ಹಿಡಿತದಲ್ಲಿ ಪಾದವನ್ನು ಎರಡು ಇಂಚು ಹೊರಗೆಳೆದರೆ ಕಾಲು ಅಲುಗುವುದು ಖಂಡಿತ. ಬೋಲ್ಟ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದವಾದರೂ ಎಳೆ ಒಳಗೆ ಹಿಡಿದಿರಬೇಕು ಅನ್ನುವುದು ಕಬ್ಬಿಣದ ಕೆಲಸದವರ ರೂಢಿ. ಕಾಲಿನಂಥ ಜಾಗಕ್ಕೆ ಅದಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು. ಈ ಸೆಟ್‌ನ ಬುಷ್ ಉದ್ದವಾಗಿದೆ, ಗಟ್ಟಿಯಾಗಿದೆ. ನಾನು ಇದನ್ನು ಮೆಚ್ಚಲು ಮೊದಲ ಕಾರಣ ಅದೇ.

ಹೊಸ ಪಾದಗಳನ್ನು ಪೂರ್ತಿ ಒಳಗೆ ತಿರುಗಿಸಿದ್ದಾಗಲೇ ಟೇಬಲ್ 742 ಮಿಲಿಮೀಟರ್‌ಗೆ ಬಂತು. ಪಾದದ ದಪ್ಪವೇ ಅಷ್ಟು ಏರಿಸಿತು. ಅಲ್ಲಿಂದ ಮೇಲೆ ಎಷ್ಟು ಹೋಗಬೇಕು ಅನ್ನುವುದು ಪ್ರಶ್ನೆ.

ನಾನು ಮೊದಲು ನೇರವಾಗಿ 31 ಇಂಚಿಗೆ ಹೋದೆ. 26 ಸುತ್ತು. ನಿಯಮ ಒಪ್ಪುವ ಗರಿಷ್ಠ ಅದೇ, ನಾನಂತೂ ಎತ್ತರದವನು, ಇನ್ನೇನು ಯೋಚನೆ ಅಂತ. ಬೆನ್ನಿಗೆ ಸ್ವರ್ಗ. ಆದರೆ ಎರಡು ವಿಷಯ ಸರಿಯಾಗಲಿಲ್ಲ. ಟೇಬಲ್‌ನ ನಡುವಿರುವ ಚೆಂಡಿಗೆ ಎಟುಕುವಾಗ ಅಂಚು ತೊಡೆಗೆ ಒತ್ತುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಜೋರಾಗಿ ಬ್ರೇಕ್ (ಜೋಡಿಸಿಟ್ಟ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತ) ಹೊಡೆದಾಗ ಟೇಬಲ್ ಸಣ್ಣಗೆ ನಡುಗುತ್ತಿತ್ತು. ಕಣ್ಣಿಗೆ ಕಾಣುವಂಥದ್ದಲ್ಲ. ಅಂಚಿನ ಮೇಲಿಟ್ಟ ಎಡಗೈಗೆ ಗೊತ್ತಾಗುತ್ತಿತ್ತು. 45 ಮಿಲಿಮೀಟರ್ ಬೋಲ್ಟ್ ಹೊರಗಿದ್ದಾಗ ಪಕ್ಕದ ಒತ್ತಡಕ್ಕೆ ಅದು ಅಷ್ಟು ಬಿಗಿಯಾಗಿರುವುದಿಲ್ಲ. ಪೆಟ್ಟಿಗೆಯ ಮೇಲೆ 50 ಮಿಲಿಮೀಟರ್‌ವರೆಗೂ ಎಳೆಯಬಹುದು ಅಂತ ಬರೆದಿದ್ದಾರೆ. ನನ್ನ ಮಾತು ಕೇಳುವುದಾದರೆ 35 ದಾಟಬೇಡಿ. ಅದಕ್ಕಿಂತ ಎತ್ತರ ಬೇಕಿದ್ದರೆ ಕಾಲಿನ ಬುಡಕ್ಕೆ ಗಟ್ಟಿ ಮರದ ತುಂಡನ್ನು ಸ್ಕ್ರೂ ಹಾಕಿ ಸೇರಿಸಿ, ಆಮೇಲೆ ಈ ಪಾದ ಕೂರಿಸಿ.

ಎರಡು ದಿನ ಬಿಟ್ಟು ಏಳು ಸುತ್ತು ಇಳಿಸಿದೆ. ಈಗ 19 ಸುತ್ತು ಹೊರಗಿದೆ. ಬಟ್ಟೆಯವರೆಗೆ 775 ಮಿಲಿಮೀಟರ್, ಅಂದರೆ 30½ ಇಂಚು. ನಡುಕ ನಿಂತಿತು. ಬೆನ್ನಿನ ನೋವು ವಾಪಸ್ ಬರಲಿಲ್ಲ. ನನಗೆ ಸರಿಹೋದ ಎತ್ತರ ಇದು. ಇದನ್ನು ಸಾಬೀತು ಮಾಡಲು ನೆಲದ ಮೇಲೆ ಟೇಪ್ ಅಂಟಿಸಿ ನನ್ನ ಎರಡು ಪಾದಗಳ ಅಂತರ ಗುರುತು ಮಾಡಿಕೊಂಡಿದ್ದೆ. ಮೊದಲು ಆರಾಮಾಗಿ ಬಗ್ಗಲು 85 ಸೆಂಟಿಮೀಟರ್ ಕಾಲು ಅಗಲಿಸಬೇಕಾಗುತ್ತಿತ್ತು. ಈಗ 70 ಸಾಕು. ಕಾಲು ಹತ್ತಿರವಿದ್ದರೆ ಹೊಡೆತದ ನಂತರ ಎದ್ದು ನಿಲ್ಲುವುದೂ ಸುಲಭ. ಒಂದು ಸಂಜೆಗೆ ಇನ್ನೂರು ಸಲ ಬಗ್ಗಿ ಏಳುವವರಿಗೆ ಇದು ಸಣ್ಣ ವಿಷಯವಲ್ಲ.

ಟೇಬಲ್ ಎತ್ತರ ಮಾಡಿದರೆ ಚೆಂಡು ಪುಟಿಯುವ ರೀತಿ ಬದಲಾಗುತ್ತಾ ಅಂತ ಇಬ್ಬರು ಗೆಳೆಯರು ಕೇಳಿದರು. ಇಲ್ಲ. ಕುಷನ್ ಮೂಗಿನ, ಅಂದರೆ ಚೆಂಡು ತಾಗುವ ತುದಿಯ, ಎತ್ತರವನ್ನು ಬಟ್ಟೆಯಿಂದ ಅಳೆಯುತ್ತಾರೆ, ನೆಲದಿಂದಲ್ಲ. ಚೆಂಡಿನ ವ್ಯಾಸದ ಶೇ 63.5ರ ಆಸುಪಾಸು, ಅಂದರೆ 57.15 ಮಿಲಿಮೀಟರ್ ಚೆಂಡಿಗೆ ಸುಮಾರು 36 ಮಿಲಿಮೀಟರ್. ಟೇಬಲ್ ಎಷ್ಟೇ ಏರಿದರೂ ಅದು ಅಷ್ಟೇ ಇರುತ್ತದೆ. ಕ್ಯೂ, ಅಂದರೆ ಹೊಡೆಯುವ ಕೋಲು, ಅಂಚಿನ ಮೇಲೆ ಹಾದುಹೋಗುವ ಓರೆಯೂ ಬದಲಾಗುವುದಿಲ್ಲ. ಬದಲಾಗುವುದು ನಿಮ್ಮ ಮೈ ಮಾತ್ರ. ಸೊಂಟ ಎಷ್ಟು ಬಗ್ಗುತ್ತದೆ, ಕತ್ತು ಎಷ್ಟು ಎತ್ತಬೇಕು, ಹಿಂದಿನ ಕೈ ಎಷ್ಟು ಸಲೀಸಾಗಿ ತೂಗುತ್ತದೆ, ಇವೇ.

ಆಟ ಕೆಡುವುದು ಎತ್ತರದಿಂದಲ್ಲ, ಎತ್ತರ ಮಾಡುವಾಗ ಮಟ್ಟ ತಪ್ಪಿದರೆ. ಟೇಬಲ್ ಏರಿಸಲು ನಮಗೆ ಹಿಡಿದದ್ದು ಎರಡು ಗಂಟೆ. ಮಟ್ಟಕ್ಕೆ ತರಲು ಆ ಇಡೀ ಮಧ್ಯಾಹ್ನ, ಮತ್ತೆ ಮರುದಿನ ಬೆಳಿಗ್ಗೆ.

ಮೊದಲು ನನ್ನ ಎರಡಡಿ ಸ್ಪಿರಿಟ್ ಲೆವೆಲ್ ಇಟ್ಟು ನೋಡಿದೆ. ಬಡಗಿಗಳು ಬಳಸುವಂಥದ್ದು. ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಚೆಂಡು ಬಿಟ್ಟರೆ ಬಲಕ್ಕೆ ವಾಲಿತು. ಲೆವೆಲ್ ಕೆಟ್ಟದ್ದಲ್ಲ, ಅದು ಬೇರೆ ಕೆಲಸಕ್ಕೆ ಮಾಡಿದ್ದು. ಒಂದು ಮೀಟರ್‌ಗೆ ಅರ್ಧ ಮಿಲಿಮೀಟರ್ ಓರೆಯನ್ನು ಅದು ನಂಬುವಂತೆ ತೋರಿಸುವುದಿಲ್ಲ. ಪೂಲ್ ಟೇಬಲ್‌ಗೆ ನಿಯಮ ಕೇಳುವ ಸಮತಟ್ಟು ಉದ್ದಕ್ಕೆ 0.020 ಇಂಚು, ಅಡ್ಡಕ್ಕೆ 0.010 ಇಂಚಿನೊಳಗೆ. ಅಡ್ಡಕ್ಕೆ ಕಾಲು ಮಿಲಿಮೀಟರ್ ಅಂದ ಹಾಗಾಯಿತು. ಬಡಗಿಯ ಲೆವೆಲ್‌ಗೆ ಅದು ಎಟುಕುವ ಮಾತಲ್ಲ.

ತಮ್ಮ ತನ್ನ ವರ್ಕ್‌ಶಾಪ್‌ನಿಂದ ಲೇತ್ ಮಟ್ಟ ಮಾಡುವ ಲೆವೆಲ್ ತಂದಿದ್ದ. ಮರದ ಪೆಟ್ಟಿಗೆಯಲ್ಲಿ, ಎಣ್ಣೆ ಬಟ್ಟೆ ಸುತ್ತಿ. ಅದರ ಗಾಜಿನ ಮೇಲೆ ಒಂದು ಗೆರೆ ಅಂದರೆ ಮೀಟರ್‌ಗೆ 0.02 ಮಿಲಿಮೀಟರ್. ಬಟ್ಟೆಯ ಮೇಲಿಟ್ಟೆವು. ಗುಳ್ಳೆ ನಿಧಾನಕ್ಕೆ ಒಂದು ಕಡೆಗೆ ಹರಿಯಿತು, ನಿಂತಂತೆ ಕಂಡಿತು, ಮತ್ತೆ ಸರಿಯಿತು. ನಾನು ಕೈಚಾಚಿ ಸ್ವಲ್ಪ ನೂಕಲು ಹೋದೆ. "ಅಣ್ಣ, ಗಾಜು ಮುಟ್ಬೇಡ. ಬೆರಳಿನ ಬಿಸಿಗೇ ಓಡುತ್ತೆ ಅದು. ಐದು ನಿಮಿಷ ಬಿಟ್ಟುಬಿಡು" ಅಂದ. ನಿಜವಾಗಿಯೂ ಬೆರಳು ಹತ್ತಿರ ತಂದು ಮುಟ್ಟಿದ್ದ ಜಾಗದ ಕಡೆಗೆ ಗುಳ್ಳೆ ಸರಿದಿತ್ತು. ಇಬ್ಬರೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆವು. ನಾಲ್ಕೈದು ನಿಮಿಷದ ಮೇಲೆ ಅದು ಹನ್ನೊಂದನೇ ಗೆರೆಯಲ್ಲಿ ಬಂದು ನಿಂತಿತು. ಅಷ್ಟು ಶಾಂತವಾಗಿ ಒಂದು ವಸ್ತುವನ್ನು ನೋಡುತ್ತಾ ನಿಂತು ಬಹಳ ದಿನವಾಗಿತ್ತು.

ಲೆವೆಲ್ ಸರಿಯಿದೆಯಾ ಅಂತಲೂ ನೋಡಬೇಕು. ಅದೇ ಜಾಗದಲ್ಲಿ ಹಿಂದುಮುಂದು ತಿರುಗಿಸಿ ಇಡಿ. ಗುಳ್ಳೆ ಟೇಬಲ್‌ನ ಅದೇ ಬದಿಗೆ ಅಷ್ಟೇ ಗೆರೆ ಹೋದರೆ ಲೆವೆಲ್ ಸರಿ. ಬೇರೆ ಬಂದರೆ ಎರಡರ ವ್ಯತ್ಯಾಸದ ಅರ್ಧ ಅದರ ತಪ್ಪು.

ಈಗ ಲೆಕ್ಕ ನೋಡಿ. ಅಡ್ಡಕ್ಕೆ ನನ್ನ ಟೇಬಲ್‌ನ ಕಾಲುಗಳ ನಡುವೆ ಹತ್ತಿರಹತ್ತಿರ ಒಂದು ಮೀಟರ್. ಒಂದು ಬದಿಯ ಪಾದಗಳನ್ನು ಕಾಲು ಸುತ್ತು ತಿರುಗಿಸಿದರೆ 0.44 ಮಿಲಿಮೀಟರ್, ಅಂದರೆ ಲೆವೆಲ್‌ನಲ್ಲಿ 22 ಗೆರೆ. ನಮಗೆ ಸರಿ ಮಾಡಬೇಕಿದ್ದಿದ್ದು ಹನ್ನೊಂದು. ಕಾಲು ಸುತ್ತೂ ಜಾಸ್ತಿಯಾಯಿತು. ತಮ್ಮ ಇದಕ್ಕೆ ಗಡಿಯಾರದ ಲೆಕ್ಕ ಹಾಕಿದ. ಪಾದವನ್ನು ಗಡಿಯಾರದ ಮುಖ ಅಂದುಕೊಳ್ಳಿ. ಐದು ನಿಮಿಷದಷ್ಟು ತಿರುಗಿಸಿದರೆ 0.15 ಮಿಲಿಮೀಟರ್, ಏಳು ಗೆರೆ. ಪಾದದ ಅಂಚಿಗೆ ಪೆನ್ಸಿಲ್‌ನಲ್ಲಿ ಹನ್ನೆರಡು ಗುರುತು ಹಾಕಿದೆವು. ಆಮೇಲೆ ಅವನು ಮೇಲೆ ಲೆವೆಲ್ ನೋಡುತ್ತಾ "ಏಳು ನಿಮಿಷ ಏರಿಸು", "ಒಂದು ನಿಮಿಷ ಇಳಿಸು" ಅನ್ನುವುದು, ನಾನು ಕೆಳಗೆ ಮಲಗಿ ಸ್ಪ್ಯಾನರ್ ತಿರುಗಿಸುವುದು. ದೊಡ್ಡ ಏರಿಳಿತ ಬೇಕಾದರೆ ಜಾಕ್ ಹಾಕಿ ಭಾರ ತೆಗೆಯಬೇಕು. ಇಷ್ಟು ಸಣ್ಣ ತಿರುವು ಭಾರ ಇದ್ದಾಗಲೇ ಆಗುತ್ತದೆ, ಗ್ರೀಸ್ ಇದ್ದರೆ.

ಮೂರೂ ಸ್ಲೇಟಿನ ನಡುವೆ, ಎರಡೂ ಸಂದುಗಳ ಮೇಲೆ, ಉದ್ದಕ್ಕೂ ಅಡ್ಡಕ್ಕೂ ನೋಡಿದೆವು. ಇನ್ನೊಂದು ತೊಡಕು ನಾಲ್ಕನೇ ಕಾಲಿನದ್ದು. ಮೂರು ಕಾಲು ಭಾರ ಹೊತ್ತು, ನಾಲ್ಕನೆಯದು ಸುಮ್ನೆ ನೆಲ ಮುಟ್ಟಿಕೊಂಡು ನಿಂತಿರಬಹುದು. ಗುಳ್ಳೆ ಆಗಲೂ ನಡುವೆಯೇ ಇರುತ್ತದೆ. ಬ್ರೇಕ್ ಹೊಡೆದಾಗ ಮಾತ್ರ ಆ ಮೂಲೆ ಕೂರುತ್ತದೆ. ಇದನ್ನು ಸ್ಪ್ಯಾನರ್ ಹಿಡಿದ ಕೈಯೇ ಹೇಳುತ್ತದೆ. ನಾಲ್ಕೂ ಪಾದ ತಿರುಗಲು ಒಂದೇ ಥರದ ಬಲ ಕೇಳಬೇಕು. ಒಂದು ಸಲೀಸಾಗಿ ತಿರುಗಿತು ಅಂದರೆ ಅದಕ್ಕೆ ಭಾರ ಬಿದ್ದಿಲ್ಲ. ನಮ್ಮಲ್ಲಿ ಕಿಟಕಿ ಕಡೆಯ ಕಾಲು ಹಾಗಿತ್ತು.

ಕೊನೆಗೆ ಚೆಂಡು. ಬಟ್ಟೆಯನ್ನು ಬ್ರಷ್‌ನಿಂದ ಉಜ್ಜಿ, ಚೆಂಡನ್ನು ಒರೆಸಿ ಇಡಬೇಕು. ಕ್ಯೂ ತುದಿಗೆ ಹಚ್ಚುವ ಚಾಕ್‌ನ ಪುಡಿ ಒಂದು ಕಣ ಇದ್ದರೂ ನಿಧಾನದ ಚೆಂಡಿನ ದಾರಿ ತಪ್ಪುತ್ತದೆ. ಎದುರು ಕುಷನ್‌ಗೆ ಇನ್ನೇನು ಮುಟ್ಟಿ ನಿಲ್ಲಬೇಕು, ಅಷ್ಟು ನಿಧಾನಕ್ಕೆ ಬಿಡಬೇಕು. ಜೋರಾಗಿ ಬಿಟ್ಟ ಚೆಂಡು ಓರೆಯನ್ನು ಮುಚ್ಚಿಡುತ್ತದೆ. ರಟ್ಟಿನ ಕಾಲದಲ್ಲಿ ಉದ್ದಕ್ಕೆ ಬಿಟ್ಟ ಚೆಂಡು ಮೂರು ಸೆಂಟಿಮೀಟರ್ ಎಡಕ್ಕೆ ಹೋಗುತ್ತಿತ್ತು. ಈಗ ಬಿಟ್ಟೆವು. ಕೊನೆಯ ಒಂದಡಿಯಲ್ಲಿ, ಚೆಂಡಿನ ಮೇಲಿನ ಅಂಕಿ ಒಂದೊಂದಾಗಿ ಉರುಳಿ ಬರುವುದು ಕಾಣುವಷ್ಟು ನಿಧಾನವಾದಾಗ, ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಅದು ಬಿಟ್ಟ ಗೆರೆಯಲ್ಲೇ ಬಂದು ಕುಷನ್‌ಗೆ ತಾಗಿ ನಿಂತಿತು. ಹತ್ತು ಸಲ ಬಿಟ್ಟೆ. ಹತ್ತೂ ಸಲ.

ಒಂದು ವಾರದ ನಂತರ ಮತ್ತೆ ನೋಡಿದೆವು. ಎರಡು ಪಾದಗಳು ಸ್ವಲ್ಪ ಕೂತಿದ್ದವು, ರಬ್ಬರ್ ಭಾರಕ್ಕೆ ಹೊಂದಿಕೊಂಡಿತ್ತು. ಎರಡು ಮೂರು ನಿಮಿಷದಷ್ಟು ತಿರುಗಿಸಿ ಲಾಕ್ ನಟ್ ಬಿಗಿ ಮಾಡಿದೆವು. ಆಮೇಲೆ ಮೂರು ತಿಂಗಳಿಗೂ ಜಾಸ್ತಿ ಆಯಿತು, ಮುಟ್ಟುವ ಕೆಲಸ ಬಿದ್ದಿಲ್ಲ. ಕಾರ್ಪೆಟ್ ಮೇಲೆ ಟೇಬಲ್ ಇಟ್ಟವರು ಒಂದು ತಿಂಗಳಾದರೂ ವಾರಕ್ಕೊಮ್ಮೆ ನೋಡಬೇಕು. ಕಾರ್ಪೆಟ್ ರಬ್ಬರ್‌ಗಿಂತ ಜಾಸ್ತಿ ಕೂರುತ್ತದೆ.

ಈ ಸೆಟ್‌ನಲ್ಲಿ ಇಷ್ಟವಾಗದ್ದನ್ನೂ ಹೇಳಬೇಕು. ಕೊಟ್ಟಿರುವ ಸ್ಪ್ಯಾನರ್ ಎರಡನೇ ಪಾದಕ್ಕೇ ಬಾಗಿತು. ನನ್ನ ಹಳೆಯ 19 ನಂಬರ್ ಸ್ಪ್ಯಾನರ್ ಇಲ್ಲದಿದ್ದರೆ ಕೆಲಸ ನಿಲ್ಲುತ್ತಿತ್ತು. ಲಾಕ್ ನಟ್ ತೆಳುವಾಗಿದೆ, ಒಂದರ ಮೂಲೆ ಮೊದಲ ದಿನವೇ ಸವೆಯಿತು. ಅದನ್ನು ಪೂರ್ತಿ ದಪ್ಪದ ನಟ್‌ಗೆ ಬದಲಿಸಿದೆ. ಪಾದದ ಕಪ್ಪು ರಬ್ಬರ್ ತಿಳಿ ಬಣ್ಣದ ನೆಲಕ್ಕೆ ಕಲೆ ಬಿಡುತ್ತದೆ. ಜರುಗಿಸಿದಾಗ ನೋಡಿದೆ, ಮಸುಕಾದ ಕಂದು ಉಂಗುರ, ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಮೊದಲೇ ಕೆಳಗೆ ತೆಳು ಫೆಲ್ಟ್ ಹಾಳೆ ಇಟ್ಟಿದ್ದರೆ ಆಗುತ್ತಿತ್ತು. ಇನ್ನು ಆ ಹಾಳೆಯ ಚಿತ್ರ. ಇಷ್ಟು ಒಳ್ಳೆಯ ಬೋಲ್ಟ್, ಬುಷ್ ಮಾಡುವವರು ಮೂಲೆ ಹಿಡಿದು ಎತ್ತುವ ಚಿತ್ರ ಹಾಕಬಾರದು. ಅದನ್ನು ನಂಬಿ ಯಾರದಾದರೂ ಸ್ಲೇಟ್ ಹೋದರೆ, ಇಲ್ಲವೇ ಕೈ ಸಿಕ್ಕಿಕೊಂಡರೆ?

ಐಸ್ ಹಾಕಿ ಆಟದ ಪಕ್ ಬಗ್ಗೆಯೂ ಕೇಳಿರುತ್ತೀರಿ. ಒಂದು ಇಂಚು ದಪ್ಪ, ಮೂರು ಇಂಚು ಅಗಲದ ಗಟ್ಟಿ ರಬ್ಬರ್ ಬಿಲ್ಲೆ. ಅದನ್ನು ಕಾಲಿನ ಕೆಳಗಿಟ್ಟು ಎತ್ತರಿಸುವವರು ಬಹಳ ಜನ. ರಟ್ಟಿಗಿಂತ ನೂರು ಪಾಲು ಮೇಲು. ಸರಿಯಾಗಿ ಒಂದು ಇಂಚು ಸಾಕು, ಹಳೆಯ ಪಾದಗಳು ಚೆನ್ನಾಗಿವೆ ಅನ್ನುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಒಂದರ ಮೇಲೊಂದು ಎರಡು ಪೇರಿಸಬೇಡಿ, ಜಾರುತ್ತದೆ.

ಟೇಬಲ್ ಏರಿದ ಮೇಲೆ ದೀಪವೂ ಒಂದಷ್ಟು ಏರಬೇಕಾಯಿತು. ಸರಪಳಿಯಲ್ಲಿ ಎರಡು ಕೊಂಡಿ ಮೇಲಕ್ಕೆ ಹಾಕಿದೆ. ಅದಕ್ಕೆ ಮೊದಲು ಬಟ್ಟೆಯ ನಡುವೆ ಬೆಳಕು ಜಾಸ್ತಿಯಾಗಿ ಮೂಲೆಗಳು ಮಂಕಾಗಿದ್ದವು.

ಇಷ್ಟೆಲ್ಲ ಸರಿಹೋದ ಮೇಲೆ ಉಳಿದದ್ದು ಮಗಳ ಮಾತು. ಅವಳಿಗೆ ಹನ್ನೆರಡು ವರ್ಷ, ಎತ್ತರ ನಾಲ್ಕಡಿ ಹತ್ತು ಇಂಚು. ನನ್ನಷ್ಟೇ ಆಸೆಯಿಂದ ಆಡುತ್ತಾಳೆ. "ಅಪ್ಪಾ, ಈಗ ನಂಗೆ ಭುಜ ಮೇಲೆ ಹೋಗ್ತಿದೆ, ಕ್ಯೂ ನೇರ ಬರ್ತಿಲ್ಲ" ಅಂದಳು. ಅವಳ ಮಾತು ಸರಿ. ನನ್ನ ಬೆನ್ನಿಗೆ ಬಂದ ಸುಖ ಅವಳ ಭುಜಕ್ಕೆ ಭಾರವಾಗಿತ್ತು. ಟೇಬಲ್‌ನ ಒಂದು ಬದಿಗೆ ಹಲಗೆಯ ಜಗಲಿ ಹಾಕಿ ನೋಡಿದೆ. ಅವಳಿಗೆ ಅನುಕೂಲವಾಯಿತು, ಆದರೆ ಬೇರೆಯವರು ಸುತ್ತ ಓಡಾಡುವಾಗ ಎಡವುತ್ತಿದ್ದರು. ತೆಗೆದುಬಿಟ್ಟೆ. ಒಂದು ಮನೆಯಲ್ಲಿ ಎತ್ತರದವರು, ಕುಳ್ಳಗಿನವರು ಇಬ್ಬರೂ ಆಡುವುದಾದರೆ ಟೇಬಲನ್ನು ಒಬ್ಬರ ಅಳತೆಗೆ ಮಾತ್ರ ಇಡಬಾರದು. ನಾನು 31 ಇಂಚಿನಿಂದ ಇಳಿಯಲು ಅವಳೂ ಒಂದು ಕಾರಣ.

ಕೊನೆಗೆ ದಾರಿ ತೋರಿಸಿದ್ದು ಮತ್ತೆ ಶೂಗಳೇ. ಅವಳಿಗೆ ಮೂರು ಸೆಂಟಿಮೀಟರ್ ಅಟ್ಟೆಯ, ತಳ ಗಟ್ಟಿಯಿರುವ ಒಂದು ಜೊತೆ ತಂದೆ. ಮನೆಯೊಳಗೆ ಆಡಲಿಕ್ಕೆ ಮಾತ್ರ. ಈಗ ಅವಳು ಶೂ ಹಾಕಿಕೊಂಡು ಆಡುತ್ತಾಳೆ, ನಾನು ಬಿಚ್ಚಿಟ್ಟು ಆಡುತ್ತೇನೆ. ಅವಳು ಇನ್ನೂ ಬೆಳೆಯುತ್ತಾಳೆ, ಟೇಬಲ್ ಮತ್ತೆ ಏರಿಸುವುದೋ ಇಳಿಸುವುದೋ ಬೇಕಾಗಬಹುದು. ಅದಕ್ಕೆ ಪ್ರತಿ ಕಾಲಿನ ಒಳಬದಿಯಲ್ಲಿ, ಹೊರಗೆ ಕಾಣದ ಹಾಗೆ, ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ: ಬಾಗಿಲ ಕಡೆ ಎಡಗಾಲು 19 ಸುತ್ತು, ಬಲಗಾಲು 19 ಸುತ್ತು 10 ನಿಮಿಷ, ಗೋಡೆ ಕಡೆಯದು 18 ಸುತ್ತು 50 ನಿಮಿಷ, ಕಿಟಕಿ ಕಡೆಯದು 19 ಸುತ್ತು 20 ನಿಮಿಷ.